ಪಲ್ಪರ್ ಪಕ್ಕ ಕೂತು ಅಂತರಿಕ್ಷ ನಿಲ್ದಾಣದ ನಡುಕ ಅಳೆಯಿರಿ

ನವೆಂಬರ್ ಬಂತೆಂದರೆ ನಮ್ಮ ಮಡಿಕೇರಿ ಕಡೆ ಪಲ್ಪರ್ ಸದ್ದು ಶುರು. ಅರೇಬಿಕಾ ಹಣ್ಣಿನ ಸಿಪ್ಪೆ ಬಿಡಿಸುವ ಆ ಯಂತ್ರದ ಕಟ್ಟೆಯ ಮೇಲೆ ಒಂದು ಲೋಟ ಕಾಫಿ ಇಟ್ಟು ನೋಡಿ. ಕಾಫಿಯ ಮೇಲೆ ಸಣ್ಣ ಸಣ್ಣ ಉಂಗುರ ಏಳುತ್ತವೆ. ಮೋಟಾರ್ ಆಫ್ ಮಾಡಿದರೆ ಮಾಯ.

ಸುಮಾರು 400 ಕಿ.ಮೀ. ಎತ್ತರದಲ್ಲಿ ಸುತ್ತುವ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲೂ ಇದೇ ತಲೆನೋವು. ಫ್ಯಾನು, ಪಂಪು, ಫ್ರೀಜರ್ ಎಲ್ಲ ಹಗಲೂ ರಾತ್ರಿ ಗುಂಯ್‌ಗುಡುತ್ತವೆ. ಅಲ್ಲಿ ಹರಳು ಬೆಳೆಸುವವರಿಗೆ, ಬೆಂಕಿ ಹೇಗೆ ಉರಿಯುತ್ತದೆಂದು ನೋಡುವವರಿಗೆ ಆ ನಡುಕದ ಲೆಕ್ಕ ಬೇಕೇ ಬೇಕು. ಅಳೆಯುವ ಬಗೆಯನ್ನು ಫೋನ್ ಇಟ್ಟುಕೊಂಡು ಮನೆಯಲ್ಲೇ ಕಲಿಯಬಹುದು.

ಮೊದಲು ಫೋನ್ ಬೀಳಿಸಿ. ಜರ್ಮನಿಯ ಆಖೆನ್ ವಿಶ್ವವಿದ್ಯಾಲಯದವರ ಫೈಫಾಕ್ಸ್ ಆ್ಯಪ್ ಉಚಿತ. ಅದರಲ್ಲಿ ಗುರುತ್ವವೂ ಸೇರಿದ ಆಕ್ಸೆಲೆರೇಷನ್ ಆರಿಸಿ. ಮೇಜಿನ ಮೇಲೆ ಸುಮ್ನೆ ಇಟ್ಟ ಫೋನ್ 9.8ರ ಆಸುಪಾಸು ತೋರಿಸುತ್ತದೆ, ಅದು ನೆಲದ ಮೇಲಿನ ಗುರುತ್ವದ ಅಳತೆ. ಈಗ ದಪ್ಪ ಹಾಸಿಗೆಯ ಮೇಲೆ ಒಂದು ಮೀಟರ್ ಎತ್ತರದಿಂದ ಬಿಡಿ. ಬೀಳುವ 0.45 ಸೆಕೆಂಡ್ ಗೆರೆ ಸೊನ್ನೆಯ ಹತ್ತಿರ ಮಲಗುತ್ತದೆ. (ಹಾಸಿಗೆ ಇಲ್ಲದೆ ಮಾಡಬೇಡಿ. ನನ್ನದು ಕಾಫಿ ಕಣದ ಸಿಮೆಂಟಿಗೆ ಬಿದ್ದು ಮೂಲೆ ಒಡೆದಿದೆ.)

ಆಗ ಗುರುತ್ವ ಎಲ್ಲಿಗೂ ಹೋಗಿರಲಿಲ್ಲ, ಅಲ್ವಾ? ನಿಲ್ದಾಣದಲ್ಲೂ ಅಷ್ಟೇ. ಅಲ್ಲಿ ಗುರುತ್ವ ನೆಲದ ಮೇಲಿನದರ ಸುಮಾರು ಶೇ 90ರಷ್ಟಿದೆ. ನಿಲ್ದಾಣ, ಒಳಗಿನ ಜನ, ಉಪಕರಣ ಎಲ್ಲ ಒಟ್ಟಿಗೆ ಬೀಳುತ್ತಲೇ ಇರುವುದರಿಂದ ತೂಕ ಗೊತ್ತಾಗುವುದಿಲ್ಲ. 'ಶೂನ್ಯ ಗುರುತ್ವ' ಅನ್ನುವ ಮಾತು ನನಗಂತೂ ಹಿಡಿಸದು.

ಮೀಟರಿನ, ಅಂದರೆ ಫೋನಿನೊಳಗಿನ ಸೆನ್ಸರ್‌ನ, ಸುಳ್ಳು ಕಳೆಯಿರಿ. ಫೋನನ್ನು ಅಂಗಾತ ಇಟ್ಟು ಓದಿ, ಆಮೇಲೆ ಬೋರಲು ಇಟ್ಟು ಓದಿ. 9.86 ಮತ್ತು -9.76 ಬಂತು ಅನ್ನಿ. ಎರಡನ್ನೂ ಕೂಡಿಸಿ ಅರ್ಧ ಮಾಡಿದರೆ 0.05. ಅದು ನಿಮ್ಮ ಫೋನಿನ ಸ್ವಂತ ತಪ್ಪು. ಇದನ್ನು ಬಿಡಲೇಬೇಡಿ. ನಿಲ್ದಾಣದಲ್ಲಿ ಹುಡುಕುವುದು ಭೂಗುರುತ್ವದ ಹತ್ತು ಲಕ್ಷದಲ್ಲಿ ಒಂದು ಪಾಲಿನ ಲೆಕ್ಕದಲ್ಲಿ. ಮೀಟರಿನ ತಪ್ಪೇ ಅದಕ್ಕಿಂತ ಜಾಸ್ತಿ ಇದ್ದರೆ ಅಳೆದೇನು ಬಂತು?

ಗಟ್ಟಿಯಾಗಿ ಅಂಟಿಸಿ. ಕೈಯಲ್ಲಿ ಹಿಡಿದರೆ ನಿಮ್ಮ ಕೈಯ ನಡುಕವೇ ಬರುತ್ತದೆ. ಡಬಲ್ ಸೈಡ್ ಟೇಪ್ ಹಾಕಿ ಪಲ್ಪರ್ ಕಟ್ಟೆಗೆ ಅಂಟಿಸಿ, ತಿರುಗುವ ಬೆಲ್ಟಿನಿಂದ ದೂರ. ನಾಸಾದವರು 'ಸ್ಯಾಮ್ಸ್' ಎಂಬ ನಡುಕ ಅಳೆಯುವ ವ್ಯವಸ್ಥೆಯ ಸೆನ್ಸರ್‌ಗಳನ್ನು ಪ್ರಯೋಗದ ಪಕ್ಕದಲ್ಲೇ ಕೂರಿಸುತ್ತಾರೆ. 1991ರಲ್ಲಿ ಬಾಹ್ಯಾಕಾಶ ನೌಕೆ ಶಟಲ್‌ನಲ್ಲಿ ಹಾರಿದ್ದ ಸ್ಯಾಮ್ಸ್‌ನ ಹೊಸ ರೂಪ 2001ರಿಂದ ನಿಲ್ದಾಣದಲ್ಲಿದೆ. ಅದರ ಲೆಕ್ಕ ನೋಡುವುದು ಅಮೆರಿಕದ ಕ್ಲೀವ್‌ಲ್ಯಾಂಡ್‌ನಲ್ಲಿರುವ ನಾಸಾದ ಗ್ಲೆನ್ ಕೇಂದ್ರ.

ಮೋಟಾರ್ ಆಫ್, ಆಮೇಲೆ ಆನ್. ತಲಾ ಒಂದು ನಿಮಿಷ ರೆಕಾರ್ಡ್ ಮಾಡಿ. ಹಾವಿನಂತೆ ಹೊರಳುವ ಆ ಗೆರೆಯಲ್ಲಿ ಏನೂ ತಿಳಿಯದು. ಆ್ಯಪ್‌ನ ಸ್ಪೆಕ್ಟ್ರಮ್ ತೆರೆಯಿರಿ. ಯಾವ ವೇಗದ ನಡುಕ ಎಷ್ಟಿದೆ ಎಂದು ಅದು ಬೇರೆ ಬೇರೆ ಮಾಡಿ ಕೊಡುತ್ತದೆ. ಮೋಟಾರಿನ ಪ್ಲೇಟಿನಲ್ಲಿ ನಿಮಿಷಕ್ಕೆ 1440 ಸುತ್ತು ಎಂದಿದ್ದರೆ 60ರಿಂದ ಭಾಗಿಸಿ: 24. ಸ್ಪೆಕ್ಟ್ರಮ್‌ನಲ್ಲಿ 24 ಹರ್ಟ್ಸ್ (ಸೆಕೆಂಡಿಗೆ 24 ಸಲ) ಹತ್ತಿರ ಒಂದು ಗೋಪುರ ಎದ್ದಿರುತ್ತದೆ. ಒಂದು ಎಚ್ಚರಿಕೆ: ಫೋನ್ ಸೆಕೆಂಡಿಗೆ 100 ಸಲ ಓದಿದರೆ 50 ಹರ್ಟ್ಸ್‌ವರೆಗಿನದನ್ನಷ್ಟೇ ನಂಬಿ. ಅದಕ್ಕಿಂತ ವೇಗದ ನಡುಕ ಬೇರೆ ಜಾಗದಲ್ಲಿ ಸುಳ್ಳು ಗೋಪುರವಾಗಿ ಕಾಣಬಹುದು.

ಡೈರಿ ಬರೆಯಿರಿ. ಯಾವುದು ಯಾವಾಗ ಶುರುವಾಯಿತು, ಯಾವಾಗ ನಿಂತಿತು ಎಂದು ಸಮಯ ಹಾಕಿ. ಡೈರಿ ಇಲ್ಲದ ಸ್ಪೆಕ್ಟ್ರಮ್ ಹೆಸರಿಲ್ಲದ ಹಾಜರಿ ಪುಸ್ತಕದ ಹಾಗೆ. ನಿಲ್ದಾಣದಲ್ಲಿ ಫ್ಯಾನಿನ ಗೋಪುರ ಒಂದೇ ಜಾಗದಲ್ಲಿ ನಿಂತಿರುತ್ತದೆ, ನೌಕೆ ಬಂದು ಸೇರಿದರೆ ಒಂದು ಕ್ಷಣದ ಜರ್ಕ್. ಸಿಬ್ಬಂದಿ ಮಲಗಿದರೆ ನಡುಕ ಇಳಿಯುತ್ತದೆ, ಎದ್ದು ವ್ಯಾಯಾಮಕ್ಕೆ ನಿಂತರೆ ಏರುತ್ತದೆ. 2009ರ ಜನವರಿ 14ರಂದು ಕಕ್ಷೆ ಎತ್ತರಿಸಲು ಜ್ವೆಜ್ದಾ ಭಾಗದ ಎಂಜಿನ್ ಎರಡು ನಿಮಿಷಕ್ಕೂ ಸ್ವಲ್ಪ ಹೆಚ್ಚು ಹೊತ್ತು ಉರಿದಾಗ ಇಡೀ ನಿಲ್ದಾಣವೇ ತೂಗಾಡಿತ್ತು.

ತೆಳು ಗಾಳಿ ನಿಲ್ದಾಣವನ್ನು ಮೆಲ್ಲಗೆ ತಡೆಯುವುದನ್ನು ಮಾತ್ರ ಫೋನ್ ಹಿಡಿಯಲಾರದು. ಅಂಥ ನಿಧಾನದ ಸೆಳೆತಕ್ಕೆಂದೇ ಅಲ್ಲಿಗೆ 'ಮಾಮ್ಸ್' ಎಂಬ ಬೇರೆ ಉಪಕರಣ ಕಳಿಸಿದ್ದರು.

ನನ್ನ ಅಳತೆಯಲ್ಲಿ 24ರ ಜೊತೆ 2 ಹರ್ಟ್ಸ್ ಹತ್ತಿರ ಒಂದು ಉಬ್ಬು ಬಂದಿತ್ತು. ಮೋಟಾರ್ ಆಫ್ ಮಾಡಿದರೂ ಹೋಗಲಿಲ್ಲ. ಬೆಲ್ಟ್ ಬಿಗಿ ಮಾಡಿದೆ, ಬೋಲ್ಟ್ ತಿರುಪಿದೆ. ಕೊನೆಗೆ ಡೈರಿ ನೋಡಿದರೆ ಹಣ್ಣಿನ ಮೂಟೆ ಹೊತ್ತವರು ಕಟ್ಟೆಯ ಹಲಗೆ ಮೇಲೆ ಓಡಾಡಿದ ಹೊತ್ತಿಗಷ್ಟೇ ಅದು ಕಾಣುತ್ತಿತ್ತು. ಸೆಕೆಂಡಿಗೆ ಎರಡು ಹೆಜ್ಜೆ. ಅವರು ಊಟಕ್ಕೆ ಹೋದಾಗ ಮತ್ತೆ ಅಳೆದೆ. ಉಬ್ಬು ಇರಲಿಲ್ಲ.