ಮ್ಯಾನ್‌ಹೋಲ್ ಮುಚ್ಚಳದಿಂದ ಶುರುವಾದ ನಮ್ಮ ಬೀದಿ ವರ್ಕ್‌ಶಾಪ್: ನನ್ನ ಅನುಭವ

ಬೀದಿಯವರ ನೆನಪುಗಳನ್ನ ಕೂಡಿಸೋಕೆ ಅಂತ ಮಾಡಿದ ನಮ್ಮ ಮೊದಲನೇ ವರ್ಕ್‌ಶಾಪ್ ಪೂರ್ತಿ ಮಕಾಡೆ ಮಲಗ್ತು, ಅದನ್ನ ಮೊದ್ಲೇ ಹೇಳಿಬಿಡ್ತೀನಿ. ಹಾಲ್ ಬುಕ್ ಮಾಡಿದ್ವಿ, ಪ್ರೊಜೆಕ್ಟರ್ ಹಾಕಿದ್ವಿ, ಹಳೇ ಫೋಟೋಗಳ ಸ್ಲೈಡ್ ತೋರಿಸಿ "ನಿಮ್ಮ ಬೀದಿಯ ಸಾಂಸ್ಕೃತಿಕ ಪರಂಪರೆ ಬಗ್ಗೆ ಏನೇನು ನೆನಪಿದೆ ಹೇಳಿ" ಅಂತ ಮೈಕ್ ಮುಂದೆ ಹಿಡಿದ್ವಿ. ಇಪ್ಪತ್ತು ಜನ ಬಂದಿದ್ರು, ಇಪ್ಪತ್ತೂ ಜನ ಒಬ್ಬರ ಮುಖ ಒಬ್ಬರು ನೋಡ್ಕೊಂಡು ಕೂತ್ರು. ಕೊನೆಗೆ ಒಬ್ರು ಹಿರಿಯರು "ಪರಂಪರೆ ಗಿರಂಪರೆ ಎಲ್ಲಾ ದೊಡ್ಡ ದೊಡ್ಡ ಕಟ್ಟಡ ಇರೋ ಕಡೆ ಹೋಗಿ ಕೇಳಮ್ಮಾ, ಇಲ್ಲೇನಿದೆ, ಅಂಗಡಿ, ಮನೆ, ಮೋರಿ" ಅಂದ್ರು. ಎಲ್ಲಾ ನಕ್ರು. ನಾನೂ ನಕ್ಕೆ, ಆದ್ರೆ ಮನೆಗೆ ಹೋಗೋವಾಗ ತಲೆ ತುಂಬಾ ಅದೇ ಮಾತು.

ತಪ್ಪು ಅವರದ್ದಲ್ಲ, ನನ್ನ ಪ್ರಶ್ನೆದು. "ಪರಂಪರೆ" ಅಂದ ತಕ್ಷಣ ಜನ ಪರೀಕ್ಷೆಗೆ ಕೂತವರ ಥರ ಆಗ್ತಾರೆ, ಸರಿಯಾದ ಉತ್ತರ ಯಾವ್ದೋ ಒಂದಿದೆ, ಅದು ನಂಗೆ ಗೊತ್ತಿಲ್ಲ ಅಂದ್ಕೊಂಡು ಬಾಯಿ ಮುಚ್ಕೊಂಡುಬಿಡ್ತಾರೆ. ಯುನೆಸ್ಕೋ 2003ರಲ್ಲಿ ಮಾಡಿದ ಒಪ್ಪಂದದಲ್ಲಿ ಕಟ್ಟಡ, ಶಿಲ್ಪ ಬಿಟ್ಟು ಬಾಯಿಮಾತಿನ ಕಥೆ, ಆಚರಣೆ, ಕೈಕಸುಬಿನ ಜ್ಞಾನ ಇವೂ ಪರಂಪರೇನೇ ಅಂತ ಹೇಳಿದೆ, ಆದ್ರೆ ಅದನ್ನ ಸ್ಲೈಡ್‌ನಲ್ಲಿ ಹಾಕಿ ಓದಿದ್ರೆ ಯಾರಿಗೂ ಏನೂ ಅನ್ಸಲ್ಲ. ಆವತ್ತು ನಾವು ಅದನ್ನೂ ಓದಿದ್ವಿ. ಒಬ್ರು ಆಕಳಿಸಿದ್ದು ಚೆನ್ನಾಗಿ ನೆನಪಿದೆ.

ಎರಡನೇ ಸಲ ಹಾಲ್ ಬೇಡ ಅಂತ ಬೀದೀಲೇ ಒಂದು ಟೇಬಲ್ ಹಾಕಿದ್ವಿ. ಚಿಕ್ಕವರಿದ್ದಾಗ ನಾಣ್ಯದ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೀತಿದ್ವಲ್ಲ, ಅಷ್ಟೇ ಕೆಲಸ. ಶಾಸನ ಓದೋರು ಕಲ್ಲಿನ ಪಡಿಯಚ್ಚು ತೆಗೆಯೋದಕ್ಕೆ ಇದು ದೂರದ ನೆಂಟ, ಅವರು ಒದ್ದೆ ಕಾಗದ, ಮಸಿ ಬಳಸ್ತಾರೆ, ನಾವು ಒಣ ಕಾಗದ, ಕ್ರೆಯಾನ್. ಮ್ಯಾಕ್ಸ್ ಅರ್ನ್‌ಸ್ಟ್ ಅನ್ನೋ ಕಲಾವಿದ 1925ರಲ್ಲಿ ಮರದ ನೆಲದ ಗೆರೆಗಳನ್ನ ಹೀಗೇ ಉಜ್ಜಿ ಚಿತ್ರ ಮಾಡೋಕೆ ಶುರು ಮಾಡ್ದ, ಫ್ರೊಟಾಜ್ ಅಂತಾರೆ ಅದಕ್ಕೆ. ಕಾಗದ ತೆಳ್ಳಗಿರ್ಬೇಕು, ನ್ಯೂಸ್‌ಪ್ರಿಂಟ್ ಸಾಕು, ದಪ್ಪ ಡ್ರಾಯಿಂಗ್ ಶೀಟ್‌ನಲ್ಲಿ ಸಣ್ಣ ಅಕ್ಷರ ಮೂಡಲ್ಲ. ಮೇಣದ ಕ್ರೆಯಾನ್‌ನ ಸಿಪ್ಪೆ ತೆಗೆದು ಅಡ್ಡಡ್ಡ ಮಲಗಿಸಿ ಉಜ್ಬೇಕು, ಮೊನೆಯಿಂದ ಉಜ್ಜಿದ್ರೆ ಹರಿಯುತ್ತೆ. ಕಾಗದ ಒಂದೇ ಒಂದು ಸಲ ಸರಿದ್ರೂ ಅಕ್ಷರ ಜೋಡಿ ಜೋಡಿಯಾಗಿ ಬರುತ್ತೆ, ಅದಕ್ಕೆ ನಾಲ್ಕೂ ಮೂಲೆಗೆ ಮಾಸ್ಕಿಂಗ್ ಟೇಪ್. ಬಣ್ಣ ಏಳ್ತಿರೋ ಗೋಡೆ, ಪುಡಿ ಉದುರೋ ಹಳೇ ಕಲ್ಲು ಇದ್ರೆ ಅಲ್ಲಿ ಉಜ್ಜೋಕೇ ಹೋಗ್ಬೇಡಿ, ಟೇಪ್ ಜೊತೆ ಗೋಡೇನೂ ಕಿತ್ಕೊಂಡು ಬರುತ್ತೆ.

ಮೊದ್ಲು ಉಜ್ಜಿದ್ದು ಮ್ಯಾನ್‌ಹೋಲ್ ಮುಚ್ಚಳ. ಫುಟ್‌ಪಾತ್ ಪಕ್ಕದ್ದು, ಗಾಡಿ ಬರದೇ ಇರೋ ಕಡೇದು, ಇದನ್ನ ಒತ್ತಿ ಹೇಳ್ತೀನಿ ಯಾಕಂದ್ರೆ ಮಕ್ಕಳು ಬಗ್ಗಿ ಕೂತ್ರೆ ಡ್ರೈವರ್‌ಗೆ ಕಾಣಲ್ಲ. ಕಪ್ಪು ಕ್ರೆಯಾನ್‌ನಲ್ಲಿ ಎರಕದ ಅಚ್ಚು, ಫೌಂಡ್ರಿ ಹೆಸರು, ಅರ್ಧ ಸವೆದ ಇಸವಿ ಎಲ್ಲಾ ನಿಧಾನಕ್ಕೆ ಎದ್ದು ಬರ್ತಿದ್ದಂಗೆ ದಿನಾ ಅದನ್ನ ತುಳ್ಕೊಂಡು ಓಡಾಡೋರು ನಿಂತ್ಕೊಂಡ್ರು. "ಇದ್ರ ಮೇಲೆ ಇಷ್ಟೆಲ್ಲಾ ಬರ್ದಿತ್ತಾ?" ಅಂತ ಒಬ್ರು. "ಇದಲ್ಲ ಹಳೇದು, ಹಳೇದು ನಮ್ಮ ಮನೆ ಮುಂದೆ ಇದೆ ಬನ್ನಿ" ಅಂತ ಇನ್ನೊಬ್ರು. ಆಮೇಲೆ ನಾನೇನೂ ಕೇಳಲೇ ಇಲ್ಲ. ಕೈ ಉಜ್ತಾ ಇರುತ್ತೆ, ಕಣ್ಣು ಕಾಗದದ ಮೇಲೆ, ಯಾರ ಮುಖಾನೂ ನೋಡ್ಬೇಕಾಗಿಲ್ಲ, ಬಾಯಿ ತಂತಾನೇ ಬಿಚ್ಚುತ್ತೆ. ಹೊಸ್ತಿಲಿನ ಸವೆದ ಕಲ್ಲನ್ನ ಉಜ್ಜುತ್ತಾ ಒಬ್ಬ ಅಜ್ಜಿ, ಆ ಕಲ್ಲು ಒಂದೇ ಕಡೆ ಯಾಕೆ ಸವೆದಿದೆ, ಆ ಮನೇಲಿ ಹೊಲಿಗೆ ಕಲಿಸ್ತಿದ್ದಾಗ ಹುಡುಗೀರು ಸಾಲಾಗಿ ಎಲ್ಲಿ ಕೂರ್ತಿದ್ರು ಅಂತ ಅರ್ಧ ಗಂಟೆ ಹೇಳಿದ್ರು. ಇದೇ ಅಜ್ಜಿ ಮೊದಲ್ನೇ ವರ್ಕ್‌ಶಾಪ್‌ಗೂ ಬಂದಿದ್ರು, ಆಗ ಒಂದು ಮಾತಾಡಿರ್ಲಿಲ್ಲ.

ಮೂರನೇ ಸಲ ನಕ್ಷೆ. ಕೆವಿನ್ ಲಿಂಚ್ ಅನ್ನೋ ನಗರ ಯೋಜಕ ಬಾಸ್ಟನ್, ಜೆರ್ಸಿ ಸಿಟಿ, ಲಾಸ್ ಏಂಜಲೀಸ್ ಜನರ ಹತ್ರ ಅವರವರ ಊರಿನ ನಕ್ಷೆ ನೆನಪಿನಿಂದ ಬರೆಸಿದ್ರು, ಜನ ಊರನ್ನ ದಾರಿ, ಅಂಚು, ವಲಯ, ಕೂಡೋ ಜಾಗ, ಗುರುತಿನ ಜಾಗ ಹೀಗೆ ಐದು ಥರದಲ್ಲಿ ನೆನಪಿಟ್ಕೊಳ್ತಾರೆ ಅಂತ 1960ರಲ್ಲಿ ಬರೆದ್ರು. ನಾನು ಈ ಐದನ್ನೂ ಯಾರಿಗೂ ಹೇಳ್ಲಿಲ್ಲ. "ಮನೆಯಿಂದ ಬೀದಿ ಕೊನೆವರೆಗೆ ಕಣ್ಣು ಮುಚ್ಕೊಂಡು ಹೋಗ್ಬೇಕಾದ್ರೆ ಹೇಗೆ ಹೋಗ್ತೀರ, ಅದನ್ನ ಬರೀರಿ" ಅಂದೆ ಅಷ್ಟೇ. "ಅಯ್ಯೋ ನಂಗೆ ಚಿತ್ರ ಬರಲ್ಲ" ಅಂತ ಹತ್ತರಲ್ಲಿ ಒಂಬತ್ತು ಜನ ಅಂದೇ ಅಂತಾರೆ, ಅದಕ್ಕೆ ಪೆನ್ಸಿಲ್, ರಬ್ಬರ್ ಕೊಡದೆ ದಪ್ಪ ಮಾರ್ಕರ್ ಕೊಡಿ, ಅಳಿಸೋಕೆ ಆಗಲ್ಲ ಅಂದ್ಮೇಲೆ ನಾಚಿಕೆ ಬಿಟ್ಟೋಗುತ್ತೆ. ಜೊತೇಲಿರೋ ಕಲಾವಿದರಿಗೂ ಒಂದು ಮಾತು ಹೇಳಿಡಿ, ಯಾರ ಗೆರೇನೂ ತಿದ್ದಬಾರ್ದು ಅಂತ. ನಮ್ಮ ಜೊತೆಗಿದ್ದ ಹುಡುಗ ಪ್ರೀತಿಯಿಂದಾನೇ ಒಬ್ಬರ ಮರ ತಿದ್ದಿದ, ಅವ್ರು ಮಾರ್ಕರ್ ಕೆಳಗಿಟ್ಟವರು ಆವತ್ತು ಮತ್ತೆ ಮುಟ್ಲಿಲ್ಲ.

ಎಲ್ಲರ ನಕ್ಷೇನೂ ಸೇರಿಸಿ ಒಂದು ದೊಡ್ಡದು ಮಾಡೋಕೆ ಹೋದಾಗ ಜಗಳ. ಬೀದಿ ನಲ್ಲಿ ಮರದ ಈ ಕಡೆ ಇತ್ತಾ ಆ ಕಡೆ ಇತ್ತಾ ಅಂತ. ನಲ್ಲಿ ಈಗಿಲ್ಲ, ಮರಾನೂ ಇಲ್ಲ, ಜಗಳ ಮಾತ್ರ ಜೋರು. ಮೊದ್ಲು ನಾನು ಹಳೇ ಮ್ಯಾಪ್ ಹುಡುಕಿ ತೀರ್ಮಾನ ಮಾಡೋಣ ಅಂತಿದ್ದೆ, ಆಮೇಲೆ ಟ್ರೇಸಿಂಗ್ ಪೇಪರ್ ತಂದು ಒಬ್ಬೊಬ್ಬರದ್ದೂ ಒಂದೊಂದು ಪದರ ಮಾಡಿ ಒಂದರ ಮೇಲೊಂದು ಇಟ್ವಿ. ನಲ್ಲಿ ಎರಡೂ ಕಡೆ ಉಳೀತು. ತಮಾಷೆ ಅಂದ್ರೆ ಹಂಗೆ ಇಟ್ಟ ಮೇಲೇನೇ ಒಬ್ರು "ಹೌದಲ್ಲ, ರಸ್ತೆ ಅಗಲ ಮಾಡಿದಾಗ ಅದನ್ನ ಕಿತ್ತು ಆ ಕಡೆ ಹಾಕಿದ್ರು" ಅಂದ್ರು. ಇಬ್ರೂ ಸರಿ. ಮ್ಯಾಪ್ ನೋಡಿ ತೀರ್ಪು ಕೊಟ್ಟಿದ್ರೆ ಇದು ಆಚೆಗೇ ಬರ್ತಿರ್ಲಿಲ್ಲ.

ಜನರಿಗೆ ತುಂಬಾ ಹಿಡಿಸಿದ್ದು, ನನಗೆ ತುಂಬಾ ಕಷ್ಟ ಕೊಟ್ಟಿದ್ದು ಸಯನೋಟೈಪ್. ಬಿಸಿಲಲ್ಲಿ ನೀಲಿ ಪ್ರಿಂಟ್ ತೆಗೆಯೋದು, ಜಾನ್ ಹರ್ಷಲ್ 1842ರಲ್ಲಿ ಕಂಡುಹಿಡಿದಿದ್ದು, ಇಂಜಿನಿಯರ್‌ಗಳ ಹಳೇ ಬ್ಲೂಪ್ರಿಂಟ್ ಇದ್ರಿಂದಾನೇ ಬಂದಿದ್ದು. 100 ಎಂಎಲ್ ನೀರಿಗೆ 25 ಗ್ರಾಂ ಫೆರಿಕ್ ಅಮೋನಿಯಂ ಸಿಟ್ರೇಟ್, ಇನ್ನೊಂದು 100 ಎಂಎಲ್ ನೀರಿಗೆ 10 ಗ್ರಾಂ ಪೊಟ್ಯಾಸಿಯಂ ಫೆರಿಸಯನೈಡ್, ಬೇರೆ ಬೇರೆ ಬಾಟಲಿ, ಬೇಕಾದಾಗ ಸಮ ಸಮ ಬೆರೆಸಿ ದಪ್ಪ ಕಾಗದಕ್ಕೆ ಬಳಿದು ಕತ್ತಲಲ್ಲಿ ಒಣಗಿಸಬೇಕು. ಹೆಸರಲ್ಲಿ ಸಯನೈಡ್ ಇರೋದು ನೋಡಿ ಒಬ್ಬ ತಾಯಿ ಮಗಳನ್ನ ಕರ್ಕೊಂಡು ಹೊರಟೇಬಿಟ್ರು, ಅವ್ರು ಹೆದರಿದ್ದು ತಪ್ಪಲ್ಲ, ಹೇಳದೇ ಇದ್ದದ್ದು ನನ್ನ ತಪ್ಪು. ಇದು ಆ ಸಯನೈಡ್ ಥರ ಕೊಲ್ಲೋ ವಿಷ ಅಲ್ಲ, ಆದ್ರೆ ಬಾಯಿಗೆ ಹೋಗಬಾರ್ದು, ಆಸಿಡ್ ಜೊತೆ ಸೇರಿಸಬಾರ್ದು, ಕಾಯಿಸಬಾರ್ದು, ಗ್ಲೌಸ್ ಬೇಕು. ಈಗ ಬೆರೆಸೋದು, ಬಳಿಯೋದು ಹಿಂದಿನ ರಾತ್ರಿ ನಾವೇ ಮಾಡ್ಕೊಂಡು ಒಣ ಕಾಗದ ಕಪ್ಪು ಕವರ್‌ನಲ್ಲಿ ತಗೊಂಡು ಹೋಗ್ತೀವಿ.

ಆ ಕಾಗದದ ಮೇಲೆ ಇಡೋಕೆ ಬೀದಿಯ ಏನಾದ್ರೂ ಒಂದು ವಸ್ತು ತನ್ನಿ ಅಂದಿದ್ವಿ. ಗಡಿಯಾರ ರಿಪೇರಿಯವರು ಹಲ್ಲಿನ ಚಕ್ರಗಳು ತಂದ್ರು, ಟೈಲರ್ ಒಬ್ರು ತೋಳಿನ ಅಳತೆಯ ಕಾಗದದ ಕಟಿಂಗ್ ತಂದ್ರು, ಒಬ್ಬ ಹೆಂಗಸು ಒಂದು ತುಕ್ಕು ಹಿಡಿದ ಬೀಗದ ಕೈ ತಂದ್ರು, ಆ ಬಾಗಿಲೂ ಇಲ್ಲ ಮನೇನೂ ಇಲ್ಲ. ಚೆನ್ನಾಗಿ ಬಿಸಿಲಿದ್ರೆ ಐದರಿಂದ ಹದಿನೈದು ನಿಮಿಷ ಸಾಕು, ಹಳದಿ-ಹಸಿರಿದ್ದ ಕಾಗದ ಬೂದಿ ಬಣ್ಣಕ್ಕೆ ತಿರುಗುತ್ತೆ, ನೀರಲ್ಲಿ ತೊಳೆದ್ರೆ ಹಳದಿ ಇಳಿದು ನೀಲಿ ನಿಲ್ಲುತ್ತೆ, ವಸ್ತು ಇಟ್ಟ ಕಡೆ ಬಿಳೀ ನೆರಳು. ಆವತ್ತು ಹತ್ತೂವರೆಗೆ ಮೋಡ ಬಂತು. ನಲವತ್ತು ನಿಮಿಷ ಬಿಸಿಲಿಗೆ ಕಾಯ್ತಾ ಎಲ್ಲಾ ಟೇಬಲ್ ಸುತ್ತ ನಿಂತಿದ್ದಾಗ ಬೀಗದ ಕೈ ಕಥೆ, ಗಡಿಯಾರದವರ ಗುರುಗಳ ಕಥೆ ಎಲ್ಲಾ ಬಂತು, ನಾನು ರೆಕಾರ್ಡರ್ ಆನ್ ಮಾಡೋದನ್ನೇ ಮರ್ತಿದ್ದೆ. ಪ್ರಿಂಟ್ ಮಸುಕಾಗಿ ಬಂತು. ಆದ್ರೂ ಯಾರೂ ಬಿಸಾಕ್ಲಿಲ್ಲ.

ಶಬ್ದದ ನಡಿಗೇನೂ ಒಂದ್ಸಲ ಮಾಡಿದ್ವಿ, ಮಾತಾಡದೆ ಕಿವಿ ಕೊಟ್ಟು ಇಪ್ಪತ್ತು ನಿಮಿಷ ನಡೆಯೋದು, ಕೆನಡಾದ ಸಂಗೀತ ಸಂಯೋಜಕ ಮರ್ರೆ ಶೇಫರ್ ಮತ್ತೆ ಅವರ ಜೊತೆಯವರು ಬೆಳೆಸಿದ ಪದ್ಧತಿ. ಮಕ್ಕಳಿಗೆ ನಗು ತಡ್ಕೊಳೋಕೆ ಆಗಲ್ಲ, ಹತ್ತು ನಿಮಿಷ ಸಾಕಿತ್ತು.

ಒಂದು ವಿಷಯದಲ್ಲಿ ಮಾತ್ರ ಈಗ್ಲೂ ನನ್ನ ಮೇಲೆ ನಂಗೆ ಸಿಟ್ಟಿದೆ. ಒಬ್ಬರು ಹೇಳಿದ ಕಥೆ ರೆಕಾರ್ಡ್ ಮಾಡ್ಕೊಳ್ಳೋಕೆ ಒಪ್ಪಿಗೆ ತಗೊಂಡಿದ್ದೆ, ಪ್ರದರ್ಶನದಲ್ಲಿ ಎಲ್ಲರ ಮುಂದೆ ಹಾಕೋಕೆ ತಗೊಂಡಿರ್ಲಿಲ್ಲ. ಎರಡೂ ಒಂದೇ ಅಂದ್ಕೊಂಡು ಹಾಕಿಬಿಟ್ಟಿದ್ದೆ. ಅದ್ರಲ್ಲಿ ಪಕ್ಕದ ಮನೆಯವರ ಸಾಲದ ಮಾತಿತ್ತು, ಪಕ್ಕದ ಮನೆಯವರೂ ಬಂದಿದ್ರು. ಈಗ ಮೂರು ಸಲ ಬೇರೆ ಬೇರೆ ಕೇಳ್ತೀನಿ: ರೆಕಾರ್ಡ್ ಮಾಡ್ಬಹುದಾ, ನಿಮ್ಮ ಹೆಸರು ಹಾಕ್ಬಹುದಾ, ಎಲ್ಲರ ಮುಂದೆ ಕೇಳಿಸ್ಬಹುದಾ. ಹಾಕೋಕೆ ಮುಂಚೆ ಅವರಿಗೇ ಒಂದ್ಸಲ ಕೇಳಿಸ್ತೀನಿ, ಬೇಡ ಅಂದ್ರೆ ಅಲ್ಲಿಗೇ ಬಿಡ್ತೀನಿ. ಹಳೇ ಫೋಟೋನೂ ಅಷ್ಟೇ, ಮನೆಗೆ ತಗೊಂಡು ಹೋಗಲ್ಲ, ಸ್ಕ್ಯಾನರ್‌ನೇ ಅಲ್ಲಿಗೆ ಒಯ್ದು 600 ಡಿಪಿಐನಲ್ಲಿ (ಅಂದ್ರೆ ಇಂಚಿಗೆ 600 ಚುಕ್ಕಿ) ಸ್ಕ್ಯಾನ್ ಮಾಡಿ ಅಲ್ಲೇ ಅವರ ಕೈಗೆ ವಾಪಸ್.

ಪ್ರದರ್ಶನ ಗ್ಯಾಲರೀಲಿ ಬೇಡ ಅಂತ ಬೀದೀಲೇ ಕಾಂಪೌಂಡ್‌ಗಳಿಗೆ ದಾರ ಕಟ್ಟಿ ಬಟ್ಟೆ ಕ್ಲಿಪ್ ಹಾಕಿ ನೇತುಹಾಕಿದ್ವಿ. ಪ್ರತಿ ಕಾಗದದ ಕೆಳಗೆ ಖಾಲಿ ಜಾಗ, ದಾರಕ್ಕೆ ಕಟ್ಟಿದ ಒಂದು ಪೆನ್ಸಿಲ್, ತಪ್ಪಿದ್ರೆ ತಿದ್ದಿ ಅಂತ. ಪೆನ್ಸಿಲ್ ಮೂರು ಸಲ ಕಳುವಾಯ್ತು, ಕಥೆಗಳು ಕಾಗದದ ಹಿಂದೆಲ್ಲಾ ತುಂಬಿದ್ವು. ಮೋರಿ ಅಂದಿದ್ದ ಹಿರಿಯರು ಮೋರಿ ಮುಚ್ಚಳದ ಅಚ್ಚಿನ ಕೆಳಗೆ ಅದನ್ನ ಹಾಕಿದ ವರ್ಷ ಎಷ್ಟು ಮಳೆ ಬಂದಿತ್ತು ಅಂತ ಉದ್ದಕ್ಕೆ ಬರ್ದಿದ್ರು.

ಆದ್ರೆ ಯಾರು ಬಂದ್ರು ಅಂತ ಲೆಕ್ಕ ಹಾಕಿದಾಗ ಗೊತ್ತಾಗಿದ್ದು, ನಾವು ಟೇಬಲ್ ಹಾಕಿದ್ದು ಯಾವಾಗ್ಲೂ ಬೆಳಿಗ್ಗೆ ಹತ್ತಕ್ಕೆ. ಬೆಳಿಗ್ಗೆ ಐದಕ್ಕೆ ಬೀದಿ ಗುಡಿಸೋರು, ಪೇಪರ್ ಹಾಕೋರು, ರಾತ್ರಿ ಕಾವಲು ಮುಗ್ಸಿ ಹೋಗೋರು ಒಬ್ಬರೂ ನಕ್ಷೇಲಿ ಇಲ್ಲ, ಬೀದಿಯ ಪ್ರತಿ ಕಲ್ಲನ್ನೂ ದಿನಾ ಮುಟ್ಟೋರು ಅವ್ರೇ. ಮುಂದಿನದು ಐದು ಗಂಟೆಗೆ. ಅವರನ್ನ ಒಂದು ಗಂಟೆ ನಿಲ್ಲಿಸಿದ್ರೆ ಆ ದಿನದ ಕೆಲಸ ಹಾಳು, ಅದಕ್ಕೆ ಹತ್ತೇ ನಿಮಿಷ, ಒಬ್ಬೊಬ್ಬರಿಗೂ ಅವರೇ ಆರಿಸಿದ ಒಂದೇ ಒಂದು ಅಚ್ಚು, ಆ ಸಮಯಕ್ಕೆ ದುಡ್ಡು ಕೊಡ್ಬೇಕು ಅಂತ ಬಜೆಟ್‌ನಲ್ಲೂ ಸೇರಿಸಿದೀವಿ. ಕತ್ತಲಲ್ಲಿ ಏನು ಕಾಣುತ್ತೆ ಅಂತ ಮೊನ್ನೆ ಹೋಗಿ ನೋಡ್ಕೊಂಡು ಬಂದೆ. ಟಾರ್ಚನ್ನ ಕಲ್ಲಿಗೆ ಒರಗಿಸಿ ಅಡ್ಡಕ್ಕೆ ಬೆಳಕು ಬಿಟ್ರೆ ಹಗಲಲ್ಲಿ ಕಾಣದೇ ಇರೋ ಸವೆದ ಅಕ್ಷರಾನೂ ನೆರಳು ಬಿದ್ದು ಎದ್ದು ಕಾಣ್ಸುತ್ತೆ, ಇಷ್ಟು ದಿನ ನಾವು ಖಾಲಿ ಅಂದ್ಕೊಂಡು ಬಿಟ್ಟಿದ್ದ ಒಂದು ಚಪ್ಪಡಿ ಮೇಲೆ ಎರಡು ಸಾಲು ಸಿಕ್ತು.