ಹಿತ್ತಿಲಿನ ನಾಲ್ಕು ಗಿಡ

ಮಾಗಡಿ ಕಡೆಯವನು ನಾನು. ಅಪ್ಪ ರಾಗಿಯ ನಡುವೆ ಅಕ್ಕಡಿ ಸಾಲಿಗೆ ಅವರೆ ಬಿಡುತ್ತಿದ್ದರು. ಹದ ನೋಡಿ ಹದಿನೈದು ದಿನ ಹಿಂದೆ ಮುಂದೆ ಬಿತ್ತಿದರೂ ಆ ನಾಟಿ ಅವರೆ ಹೂ ಕಟ್ಟುತ್ತಿದ್ದದ್ದು ಹಗಲು ಕುಗ್ಗಿದ ಮೇಲೆಯೇ. ಇದನ್ನು ಕಣ್ಣಾರೆ ನೋಡಿ ಬೆಳೆದ ನಾನು ಕೆನಡಾದಲ್ಲಿ ಗಾಂಜಾ ಬೀಜ ಕೊಳ್ಳುವಾಗ ಅದನ್ನೇ ಮರೆತೆ.

ನಾವಿರುವುದು ಒಂಟಾರಿಯೊ ಪ್ರಾಂತ್ಯದ ದಕ್ಷಿಣ ತುದಿಯಲ್ಲಿ. 2018ರ ಅಕ್ಟೋಬರ್ 17ರಿಂದ ಇಲ್ಲಿ 19 ತುಂಬಿದವರು ಮನೆಯಲ್ಲಿ ಗಾಂಜಾ ಬೆಳೆಯಬಹುದು. ಮನೆಗೆ ನಾಲ್ಕೇ ಗಿಡ. ಗಂಡ ಹೆಂಡತಿ ಇಬ್ಬರಿದ್ದೇವೆಂದು ಎಂಟು ಮಾಡುವಂತಿಲ್ಲ. ನನಗೆ ಸೇದುವುದಕ್ಕಿಂತ ಬೆಳೆಯುವ ಹುಚ್ಚೇ ಹೆಚ್ಚು. (ಊರಿನವರು ಇದನ್ನು ಓದಿ ಕುಂಡ ಹುಡುಕಬೇಡಿ. ಅಲ್ಲಿ 1985ರ ಮಾದಕ ವಸ್ತುಗಳ ಕಾಯ್ದೆ ಇದೆ. ಇಲ್ಲಿಂದ ಗಡಿ ದಾಟಿಸುವುದೂ ಅಪರಾಧ.)

ಮೊದಲ ವರ್ಷ ಹೆಸರಿಗೆ ಮರುಳಾಗಿ ಹೇಝ್ ತಳಿ ತಂದೆ. ಇಲ್ಲಿನವರ ರೂಢಿಯಂತೆ ಮೇ ತಿಂಗಳ ವಿಕ್ಟೋರಿಯಾ ದಿನ ಕಳೆದ ಮೇಲೆ ಸಸಿಗಳನ್ನು ಹೊರಗೆ ನೆಟ್ಟೆ. ಆಗಸ್ಟ್ ಹೊತ್ತಿಗೆ ಬೇಲಿಗಿಂತ ಎತ್ತರ ಬೆಳೆದು ನಿಂತವು. ಆದರೆ ಹೇಝ್ ಹೂ ಬಲಿಯಲು ಹನ್ನೊಂದು ಹನ್ನೆರಡು ವಾರ ಬೇಕು. ಹೂ ಶುರುವಾದದ್ದು ಆಗಸ್ಟ್ ನಡುವೆ, ಅಂದರೆ ಕೊಯ್ಲು ನವೆಂಬರಿಗೆ. ಅಕ್ಟೋಬರಿನ ಎರಡನೆಯ ವಾರ ಒಂದು ಬೆಳಿಗ್ಗೆ ಎದ್ದು ನೋಡಿದರೆ ಬಸ್ಸಾರಿಗೆ ಬೇಯಿಸಿ ಬಸಿದ ಸೊಪ್ಪಿನಂತೆ ಎಲೆಗಳು ಜೋತುಬಿದ್ದಿದ್ದವು. ರಾತ್ರಿ ಹಿಮ ಕೂತಿತ್ತು.

ಅಪ್ಪನಿಗೆ ಫೋನಿನಲ್ಲಿ 'ಒಂದು ಹೂವಿನ ಗಿಡ' ಎಂದಷ್ಟೇ ಹೇಳಿ ಗೋಳು ತೋಡಿಕೊಂಡೆ. 'ಅದೂ ಅವರೆ ಥರದ್ದೇ ಇರಬೇಕು ಕಣಪ್ಪ, ಹೊತ್ತು ನೋಡಿ ಹೂ ಬಿಡುತ್ತದೆ' ಎಂದರು. ಯಾವ ಹೂವೆಂದು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ.

ನಮ್ಮೂರಲ್ಲಿ ವರ್ಷದ ಅತಿ ಉದ್ದದ ಹಗಲಿಗೂ ಅತಿ ಗಿಡ್ಡ ಹಗಲಿಗೂ ಇರುವ ಅಂತರ ಒಂದೂವರೆ ಗಂಟೆ. ಇಲ್ಲಿ ಆರು ಗಂಟೆಗೂ ಹೆಚ್ಚು. ಜೂನ್‌ನಲ್ಲಿ ಹದಿನೈದು ಗಂಟೆ ದಾಟುವ ಹಗಲು ಹದಿನಾಲ್ಕರ ಆಸುಪಾಸಿಗೆ ಇಳಿಯುವವರೆಗೆ ಗಾಂಜಾ ಎಲೆ ಬಿಡುತ್ತಲೇ ಇರುತ್ತದೆ. ಇನ್ನೂ ಸರಿಯಾಗಿ ಹೇಳುವುದಾದರೆ ಅದು ಅಳೆಯುವುದು ಕತ್ತಲನ್ನು. ಹಿಂಬಾಗಿಲ ದೀಪವನ್ನು ರಾತ್ರಿಯಿಡೀ ಉರಿಸಿದ ವರ್ಷ ಬಾಗಿಲಿನ ಪಕ್ಕದ ಗಿಡ ಮಾತ್ರ ಹೂವಿಗೆ ಬರಲು ಸತಾಯಿಸಿತು. ಈಗ ಜುಲೈ ಕೊನೆಯಿಂದ ಆ ದೀಪ ಹಚ್ಚುವುದಿಲ್ಲ. ಮೆಟ್ಟಿಲಲ್ಲಿ ಎಡವುತ್ತೇವೆ, ಅಷ್ಟೆ.

ಎರಡನೆಯ ವರ್ಷ ಕುಶ್ ಜಾತಿ ಹಾಕಿದೆ. ಹಿಂದೂಕುಶ್ ಪರ್ವತದ ಒಣ ಹವೆಯ ಮೂಲ, ಹೂವಿಗೆ ಎಂಟೇ ವಾರ. ದಿನದ ಲೆಕ್ಕ ಸರಿಯಾಯಿತು, ತೇವದ ಲೆಕ್ಕ ತಪ್ಪಿತು. ಮುಷ್ಟಿಯಂತೆ ಬಿಗಿದ ಹೂಗೊಂಚಲು, ಮೇಲೆ ಸೆಪ್ಟೆಂಬರಿನ ಮಳೆ, ಇಬ್ಬನಿ. ಹೊರಗಿನಿಂದ ನೋಡಿದರೆ ಗಿಡ ಕಳೆಕಳೆಯಾಗಿತ್ತು. ಗೊಂಚಲಿನಿಂದ ಇಣುಕುತ್ತಿದ್ದ ಒಂದು ಎಳೆ ಎಲೆ ಮಾತ್ರ ಹಳದಿಯಾಗಿತ್ತು. ಎಳೆದೆ, ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಬಂತು. ಗೊಂಚಲು ಬಿಡಿಸಿದರೆ ಒಳಗೆಲ್ಲ ಕಂದು, ಅದರ ಮೇಲೆ ಬೂದು ಬೂಷ್ಟು. ಸ್ಟ್ರಾಬೆರಿ, ದ್ರಾಕ್ಷಿಗೆ ಬರುವ ಬೊಟ್ರೈಟಿಸ್ ಶಿಲೀಂಧ್ರವೇ ಇದು. ಅರ್ಧ ಬೆಳೆ ಕಸಕ್ಕೆ ಹೋಯಿತು. ಬೂಷ್ಟು ಹಿಡಿದ ಗೊಂಚಲಿನ ಮೇಲ್ಭಾಗ ಚೆನ್ನಾಗಿದೆಯೆಂದು ಉಳಿಸಿಕೊಳ್ಳಬಾರದು.

ಆಮೇಲೆ ನಾಲ್ಕು ಗಿಡಕ್ಕೆ ಒಂದೇ ತಳಿ ಹಾಕುವುದನ್ನು ಬಿಟ್ಟೆ. ಎರಡು ಕುಂಡದಲ್ಲಿ 'ಆಟೋ' ತಳಿ. ಇದರಲ್ಲಿ ರಷ್ಯಾದ ಕಡೆಯ ರುಡೆರಾಲಿಸ್ ಗಾಂಜಾದ ಅಂಶವಿದೆ. ಬೇಸಿಗೆಯೇ ಗಿಡ್ಡವಾದ ಆ ಸೀಮೆಯಲ್ಲಿ ಹಗಲು ಕುಗ್ಗುವುದನ್ನು ಕಾಯುತ್ತ ಕುಳಿತರೆ ಗಿಡಕ್ಕೆ ಉಳಿವಿಲ್ಲ, ಹಾಗಾಗಿ ಅದು ವಯಸ್ಸಿಗೆ ಬಂದ ಕೂಡಲೇ ಹೂ ಬಿಡುತ್ತದೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಹೆಬ್ಬಾಳ ಅವರೆ-4 ಹಗಲಿನ ಹಂಗಿಲ್ಲದೆ ವರ್ಷವಿಡೀ ಕಾಯಿ ಬಿಡುವುದಿಲ್ಲವೇ, ಹಾಗೆ. ಮೇ ಕೊನೆಗೆ ಬಿತ್ತಿದರೆ ಆಗಸ್ಟ್ ನಡುವೆ, ಬೂಷ್ಟಿನ ಕಾಲ ಬರುವ ಮೊದಲೇ ಕೊಯ್ಲು. ಇಳುವರಿ ಕಡಿಮೆ. ಕಿತ್ತು ನೆಟ್ಟರೆ ಮುನಿಸಿಕೊಳ್ಳುತ್ತದೆ, ಚೇತರಿಸಿಕೊಳ್ಳಲು ಅದಕ್ಕೆ ಪುರುಸೊತ್ತಿಲ್ಲ. ಕೊನೆಯವರೆಗೆ ಇರುವ ಕುಂಡಕ್ಕೇ ಬೀಜ ಊರುತ್ತೇನೆ.

ಇನ್ನೆರಡು ಗಿಡ ನೆಲದಲ್ಲಿ: ದಕ್ಷಿಣ ಆಫ್ರಿಕಾ ಮೂಲದ ಡರ್ಬನ್. ಉದ್ದ ಗಿಡದ ಜಾತಿಯಾದರೂ ಬೇಗ ಮುಗಿಸುತ್ತದೆ, ಗೊಂಚಲು ಸಡಿಲ, ಗಾಳಿ ಆಡುತ್ತದೆ. ನನ್ನ ಹಿತ್ತಿಲಲ್ಲಿ ಅಕ್ಟೋಬರಿನ ಮೊದಲ ವಾರಕ್ಕೆ ಕತ್ತರಿ ಹಾಕುತ್ತೇನೆ. ಬೀಜವೆಲ್ಲ ಹೆಣ್ಣು ಗಿಡವೇ ಹುಟ್ಟುವಂಥದ್ದು, ಪರವಾನಗಿ ಅಂಗಡಿಯದ್ದು. ನಾಲ್ಕರಲ್ಲಿ ಒಂದು ಗಂಡಾದರೆ ಕಾಲು ಭಾಗ ಬೆಳೆ ಹೋದಂತೆ.

ಹೋದ ವರ್ಷ ಅದೇ ಬೇಲಿಗೆ ಭಾರತೀಯ ಅಂಗಡಿಯಿಂದ ತಂದ ಅವರೆಕಾಳನ್ನೂ ಊರಿದ್ದೆ. ಬಳ್ಳಿ ಬೇಲಿಯನ್ನೇ ಮುಚ್ಚಿತು. ಅಕ್ಟೋಬರಿನಲ್ಲಿ ಮೊದಲ ಹೂ ಕಂಡು ಅಪ್ಪನಿಗೆ ಫೋಟೋ ಕಳಿಸಿದೆ. ನಾಲ್ಕನೆಯ ದಿನ ಹಿಮ ಬಿತ್ತು.