ಕರಾವಳಿ ಗಾಳಿಗೆ ಕಪ್ಪಾಗದ ವೈರ್ ಆರಿಸುವುದು ಹೇಗೆ?

ಟ್ಯಾಂಕ್ ತುಂಬಿದರೆ ಕೂಗುವ ಅಲಾರಂ, ಗೇಟಿನ ಸೆನ್ಸರ್ ಲೈಟು, ತೋಟದ ಮಣ್ಣಿನ ತೇವ ನೋಡುವ ಪುಟ್ಟ ಸರ್ಕ್ಯೂಟು. ಮನೆಯಲ್ಲೇ ಮಾಡಿದ ಇಂಥವು ಬೇಸಿಗೆಯಲ್ಲಿ ಚೆನ್ನಾಗಿಯೇ ಓಡುತ್ತವೆ. ಮಳೆಗಾಲ ಮುಗಿಯುವಷ್ಟರಲ್ಲಿ ಕೈಕೊಡುತ್ತವೆ. ಜನ ಐಸಿ (ಚಿಪ್) ಬದಲಿಸುತ್ತಾರೆ, ರಿಲೇ (ಕರೆಂಟಿನಿಂದ ಆನ್-ಆಫ್ ಆಗುವ ಸ್ವಿಚ್ಚು) ಬದಲಿಸುತ್ತಾರೆ, ಅಡಾಪ್ಟರ್‌ಗೆ ಬೈಯುತ್ತಾರೆ. ವೈರನ್ನು ಮಾತ್ರ ಸುಲಿದು ನೋಡುವುದಿಲ್ಲ. ಸುಲಿದರೆ ಎಳೆಗಳು ಕಪ್ಪಾಗಿ, ತುದಿಯಲ್ಲಿ ಹಸಿರು ಪುಡಿ ಕಟ್ಟಿರುತ್ತದೆ.

ಮಂಗಳೂರು, ಮಲ್ಪೆ, ಕಾರವಾರದ ಕಡೆ ಗಾಳಿಯ ಜೊತೆ ಉಪ್ಪೂ ಬರುತ್ತದೆ. ತೇವಾಂಶ ಶೇ 75 ದಾಟಿದರೆ ಉಪ್ಪು ಗಾಳಿಯಿಂದಲೇ ನೀರೆಳೆದುಕೊಳ್ಳುತ್ತದೆ. ಆಷಾಢದಲ್ಲಿ ಭರಣಿಯ ಉಪ್ಪು ಪಸೆಯಾಗುವುದಿಲ್ವಾ, ಹಾಗೆ. ವೈರಿನ ತುದಿಯಲ್ಲಿ ಕೂತ ಆ ಪಸೆ ಎಳೆಗಳ ಸಂದಿ ಹಿಡಿದು ಒಳಕ್ಕೆ ಏರುತ್ತದೆ. ಹೊರಗಿನ ಪ್ಲಾಸ್ಟಿಕ್ ಹೊಚ್ಚಹೊಸದಾಗಿದ್ದರೂ ಒಳಗೆ ಗೇಣುದ್ದ ಕಪ್ಪಾಗಿರುವುದು ಇದರಿಂದಲೇ. ಮಲೆನಾಡಿನಲ್ಲಿ ಉಪ್ಪಿಲ್ಲ, ನಿಜ. ಆದರೆ ತಿಂಗಳುಗಟ್ಟಲೆ ಒಣಗದ ಗೋಡೆ ಇದೆ.

ಮೊದಲು ದಪ್ಪ. ಅಂಗಡಿಯಲ್ಲಿ 7/36, 14/36 ಎಂದು ಕೇಳಿ. ಮೊದಲ ಅಂಕಿ ಎಳೆಗಳ ಲೆಕ್ಕ, ಎರಡನೆಯದು ಎಳೆಯ ಗೇಜು, ಅಂದರೆ ದಪ್ಪದ ನಂಬರು. ಸೆನ್ಸರ್, ಎಲ್‌ಇಡಿಗೆ 7/36 ಸಾಕು. ರಿಲೇಗೆ 14/36 ತಗೊಳ್ಳಿ. 230 ವೋಲ್ಟ್ ಲೈನಿಗೆ ಎರಡೂ ಬೇಡ.

ಆಮೇಲೆ ಲೋಹ. ಬೇಕಾದ್ದು ತವರದ ಕಲಾಯಿ ಇರುವ ತಾಮ್ರದ ವೈರ್. ಅಂಗಡಿಯವರ ಬಾಯಲ್ಲಿ ‘ಟಿನ್ ಕೋಟೆಡ್’. ಇದರಲ್ಲಿ ಒಂದೊಂದು ಎಳೆಗೂ ತವರ ಹಚ್ಚಿರುತ್ತಾರೆ, ಹಾಗಾಗಿ ಉಪ್ಪಿನ ಪಸೆ ತಾಮ್ರಕ್ಕೆ ನೇರವಾಗಿ ತಾಗುವುದಿಲ್ಲ. ಬೆಸುಗೆಯೂ ಸಲೀಸಾಗಿ ಹಿಡಿಯುತ್ತದೆ. ಜನ ಎಡವುವುದು ಇಲ್ಲೇ. ಬೆಳ್ಳಗೆ ಹೊಳೆದರೆ ಸಾಕು, ಕೋಟಿಂಗ್ ಇದೆ ಎಂದು ನಂಬಿಬಿಡುತ್ತಾರೆ. ಅಲ್ಯೂಮಿನಿಯಮ್ಮೂ ಬೆಳ್ಳಗೇ ಇರುತ್ತದೆ, ಉಕ್ಕೂ ಬೆಳ್ಳಗೇ ಇರುತ್ತದೆ!

ಹಾಗಾಗಿ ಒಂದು ಬ್ಲೇಡು, ಒಂದು ಸಣ್ಣ ಅಯಸ್ಕಾಂತ, ಒಂದು ಲೈಟರ್ ಜೇಬಿನಲ್ಲಿಟ್ಟುಕೊಂಡು ಹೋಗಿ. ಇಡೀ ರೋಲ್ ಕೊಳ್ಳುವ ಮೊದಲು ಒಂದು ಮೊಳ ಕೊಳ್ಳಿ. ಇಂಚಿನಷ್ಟು ಸುಲಿದು ಎಳೆಗಳನ್ನು ಬಿಡಿಸಿ. ಒಂದೇ ಎಳೆಯನ್ನು ಉಗುರಿನ ಮೇಲೆ ಮಲಗಿಸಿ, ಬ್ಲೇಡನ್ನು ಓರೆ ಹಿಡಿದು ಮೆಲ್ಲಗೆ ಕೆರೆಯಿರಿ. ತವರದ ಪದರ ತೀರಾ ತೆಳು, ಎರಡು ಸಲ ಕೆರೆದರೆ ಕೆಂಪು ಕಾಣಬೇಕು. ಇನ್ನೂ ಕೆರೆಯಿರಿ. ಕೆಂಪು ಕೆಂಪಾಗಿಯೇ ಉಳಿದರೆ ಒಳಗೆಲ್ಲ ತಾಮ್ರ. ಕೆಂಪಿನ ಕೆಳಗೆ ಮತ್ತೆ ಬಿಳಿ ಬಂತಾ? ಅದು ತಾಮ್ರದ ತೆಳು ಪದರ ಹೊದಿಸಿದ ಅಲ್ಯೂಮಿನಿಯಂ, ಇಲ್ಲವೇ ಉಕ್ಕು. ವಾಪಸ್ ಇಡಿ. ಎಷ್ಟು ಕೆರೆದರೂ ಕೆಂಪೇ ಬರದಿದ್ದರೆ ತಾಮ್ರವೇ ಇಲ್ಲ. ಅನುಮಾನ ಉಳಿದರೆ ಅಂಗಡಿಯಿಂದ ಹೊರಗೆ ಬಂದು ಒಂದು ಎಳೆಗೆ ಲೈಟರ್ ಹಿಡಿಯಿರಿ. ತಾಮ್ರ ಕೆಂಪಗೆ ಕಾದು ನಿಲ್ಲುತ್ತದೆ. ಅಲ್ಯೂಮಿನಿಯಂ ಸೊರಗಿ ಬಾಗುತ್ತದೆ, ಇಲ್ಲವೇ ಉದುರುತ್ತದೆ. ಅಯಸ್ಕಾಂತಕ್ಕೆ ಅಂಟಿದರಂತೂ ಮಾತೇ ಇಲ್ಲ, ಉಕ್ಕು. ಬ್ರೆಡ್‌ಬೋರ್ಡಿಗೆಂದು (ಬೆಸುಗೆಯಿಲ್ಲದೆ ಸರ್ಕ್ಯೂಟ್ ಜೋಡಿಸುವ ತೂತಿನ ಹಲಗೆ) ಮಾರುವ ಬಣ್ಣಬಣ್ಣದ ಅಗ್ಗದ ಜಂಪರ್ ವೈರುಗಳನ್ನು ಹೀಗೆ ಪರೀಕ್ಷಿಸಿ ನೋಡಿ, ಎಷ್ಟೋ ಅಂಟುತ್ತವೆ. ಮೇಜಿನ ಮೇಲಿನ ಪ್ರಯೋಗಕ್ಕೆ ಪರವಾಗಿಲ್ಲ, ಅಂಗಳಕ್ಕೆ ಬೇಡ.

ಆನ್‌ಲೈನಿನಲ್ಲೋ ಎಲೆಕ್ಟ್ರಾನಿಕ್ಸ್ ಅಂಗಡಿಗಳಿರುವ ಬೆಂಗಳೂರಿನ ಎಸ್.ಪಿ. ರಸ್ತೆಯಿಂದಲೋ ತರಿಸುವವರು ಕೂಡ ಮೊದಲು ಚಿಕ್ಕ ರೋಲ್ ತರಿಸಿ, ಕೆರೆದು ನೋಡಿ.

ಹಳೇ ನೆಟ್‌ವರ್ಕ್ ಕೇಬಲ್ ಬಿಚ್ಚಿ ಒಳಗಿನ ತಂತಿ ಬಳಸುವ ಅಡ್ಡದಾರಿ ನನಗೆ ಇಷ್ಟವಿಲ್ಲ. ಸಾಮಾನ್ಯವಾಗಿ ಅದರಲ್ಲಿ ಕಲಾಯಿ ಇರುವುದಿಲ್ಲ. ಒಂಟಿ ತಂತಿಯಾದ್ದರಿಂದ ನಾಲ್ಕು ಸಲ ಮಡಚಿದರೆ ಮುರಿಯುತ್ತದೆ. ಪಾರದರ್ಶಕ ಸ್ಪೀಕರ್ ವೈರ್ ಹಸಿರಾಗುವುದನ್ನು ಹೊರಗಿನಿಂದಲೇ ನೋಡಬಹುದು. ಟೆಫ್ಲಾನ್ ಹೊದಿಕೆಯ ವೈರ್? ಬಿಸಿ ಜಾಗಕ್ಕೆ ಅದೇ ಸರಿ. ಆದರೆ ಹೆಚ್ಚಿನವಕ್ಕೆ ಬೆಳ್ಳಿ ಲೇಪ ಇರುತ್ತದೆ. ಸುಲಿಯುವಾಗ ಆ ಲೇಪಕ್ಕೆ ಗೀರು ಬಿದ್ದು ತೇವ ತಾಗಿದರೆ, ಗೀರಿನ ಜಾಗದಲ್ಲೇ ಕೆಳಗಿನ ತಾಮ್ರ ಸವೆಯಲು ಶುರು. ದುಡ್ಡೂ ಜಾಸ್ತಿ. ಮನೆಯ ಕೆಲಸಕ್ಕೆ ಕಲಾಯಿ ತಾಮ್ರ, ಪಿವಿಸಿ ಹೊದಿಕೆ, ಇಷ್ಟೇ ಸಾಕು.

ಸುಲಿಯಲು ಸ್ಟ್ರಿಪ್ಪರ್ ಬಳಸಿ, ಹಲ್ಲಲ್ಲ.

ವೈರ್ ಒಳ್ಳೆಯದಿದ್ದರೂ ಕತ್ತರಿಸಿದ ತುದಿ ತೆರೆದೇ ಇದ್ದರೆ ಸುಮ್ನೆ ದಂಡ. ಒಳಗೆ ರೋಸಿನ್ (ಬೆಸುಗೆ ಹಿಡಿಸುವ ರಾಳ) ಇರುವ 60/40 ಬೆಸುಗೆ ತಂತಿ ಬಳಸಿ, ಅಂದರೆ 60 ಪಾಲು ತವರ, 40 ಪಾಲು ಸೀಸ. ಡಬ್ಬಿಯಲ್ಲಿ ಬರುವ ಬೆಸುಗೆ ಪೇಸ್ಟ್ (ಫ್ಲಕ್ಸ್) ಬಳಿದೇ ತೀರುತ್ತೇನೆ ಅನ್ನುವವರು ಕೆಲಸ ಮುಗಿದ ಮೇಲೆ ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಬ್ರಶ್ ಅದ್ದಿ ತಿಕ್ಕಬೇಕು. ಉಳಿದ ಪೇಸ್ಟೇ ತಾಮ್ರವನ್ನು ತಿನ್ನುತ್ತದೆ. ಜಾಯಿಂಟಿನ ಮೇಲೆ, ಒಳಗೆ ಗೋಂದಿರುವ ಹೀಟ್ ಶ್ರಿಂಕ್ (ಬಿಸಿ ತಾಗಿದರೆ ಕುಗ್ಗುವ ಕೊಳವೆ) ಹಾಕಿ. ಬಿಸಿ ಮಾಡಿದಾಗ ಎರಡೂ ಬಾಯಲ್ಲಿ ಗೋಂದು ಸ್ವಲ್ಪ ಜಿನುಗಿದರೆ ಸೀಲ್ ಆಯಿತು. ಸಿಲಿಕೋನ್ ಸೀಲಂಟ್ ಹಚ್ಚುವಿರಾದರೆ ಟ್ಯೂಬಿನ ಮೇಲೆ ‘ನ್ಯೂಟ್ರಲ್’ ಎಂದಿರಲಿ. ವಿನೆಗರ್ ವಾಸನೆಯ ಸೀಲಂಟ್ ಒಣಗುವಾಗ ಆಮ್ಲ ಬಿಡುತ್ತದೆ. ನೀರು ತಡೆಯಲೆಂದು ಹಚ್ಚಿದ್ದೇ ತಂತಿ ತಿಂದುಹಾಕುತ್ತದೆ.

ಡಬ್ಬಿಯೊಳಗೆ ವೈರ್ ಕೆಳಗಿನಿಂದ ಹೋಗಲಿ, ಹೋಗುವ ಮುನ್ನ ಒಂದು ಜೋಲು ಬಿಡಿ. ಮಳೆನೀರು ಅಲ್ಲೇ ತೊಟ್ಟಿಕ್ಕುತ್ತದೆ.

ಟ್ಯಾಂಕ್ ಅಲಾರಂ ಮಾಡುವವರಿಗೆ ಇನ್ನೊಂದು. ಸುಲಿದ ವೈರಿನ ತುದಿಯನ್ನೇ ನೀರಿಗೆ ಇಳಿಬಿಡಬೇಡಿ. ಡಿಸಿ ಕರೆಂಟು ಹರಿಯುತ್ತಿದ್ದರೆ ಪ್ಲಸ್ ಕಡೆಯ ತಂತಿ ಕರಗುತ್ತಾ ಹೋಗುತ್ತದೆ, ಕಲಾಯಿ ಇದ್ದರೂ ಅಷ್ಟೇ. ನೀರಿಗೆ ಸ್ಟೇನ್‌ಲೆಸ್ ಸ್ಟೀಲ್ ಸರಳು ಇಳಿಸಿ, ವೈರಿನ ಜಾಯಿಂಟ್ ಮುಚ್ಚಳದ ಹೊರಗಿರಲಿ.